ಧಣಿಯ ಎದುರಿನ ಕುರ್ಚಿ

ಪ್ರೀತಿಯ ಸ್ತಾಮೆನಾ ಅಕ್ಕನಿಗೆ,

ನೀವು ಕೆಲಸ ಬಿಟ್ಟು ಮಗಳ ಊರಿಗೆ ಹೋದ ಮೇಲೆ ಇಲ್ಲಿ ನನ್ನನ್ನು ಪ್ರೀತಿಯಿಂದ ಬೈಯುವವರೇ ಇಲ್ಲ. ನಿಮ್ಮಿಂದ ಬೈಸಿಕೊಳ್ಳದೆ ದಿನ ಕಳೆಯುವುದು ನನಗಿನ್ನೂ ರೂಢಿಯಾಗಿಲ್ಲ. ನಿನ್ನೆ ನನ್ನ ಮಗಳು ಮಿಲುಂಕಾ ಮೊದಲ ಸಲ ಮಂಚದ ಅಂಚು ಬಿಟ್ಟು ನನ್ನ ಕಡೆಗೆ ನಡೆದುಬಂದಳು. ಅವಳನ್ನು ಎತ್ತಿಕೊಂಡಾಗ ಮೊದಲು ನೆನಪಾದವರು ನೀವು.

ಹೊಟ್ಟೆಯಲ್ಲಿ ಅವಳಿದ್ದ ಆ ಚಳಿಗಾಲದಲ್ಲಿ ನಾನು ದೊಗಲೆ ಸ್ವೆಟರ್ ಹಾಕಿಕೊಂಡು ಕಾರ್ಖಾನೆಯಲ್ಲಿ ವಾರ್ನಿಷ್ ಡಬ್ಬ ಹೊರುತ್ತಿದ್ದೆ. ಆ ವಾಸನೆ ಮಗುವಿಗೆ ಕೆಟ್ಟದ್ದು ಎಂದು ಡಾಕ್ಟರ್ ಗದರಿದ್ದರು. ಆದರೆ ಧಣಿ ರಾಡಿವೊಯೆಗೆ ಹೇಳುವುದು ಹೇಗೆ? ನನಗಿಂತ ಮೊದಲು ಬಸುರಿಯೆಂದು ಹೇಳಿದವಳ ಕರಾರು ಆ ವರ್ಷ ಮುಂದುವರಿಯಲೇ ಇಲ್ಲ. ನನ್ನ ಕರಾರೂ ಮುಗಿಯುತ್ತ ಬಂದಿತ್ತು. ಧಣಿಯ ಬೂಟಿನ ಸದ್ದು ಕೇಳಿದರೆ ನನ್ನ ಬಾಯಿ ಒಣಗುತ್ತಿತ್ತು. ಇಡೀ ದಿನ ಕುರ್ಚಿ ಮಾಡುವ ಜನ ನಾವು, ಆದರೂ ಧಣಿಯ ಮೇಜಿನ ಎದುರಿಗಿದ್ದ ಕುರ್ಚಿಯಲ್ಲಿ ನಮ್ಮಲ್ಲಿ ಯಾರೂ ಕೂತದ್ದಿಲ್ಲ. ಬಾಗಿಲ ಹತ್ತಿರ ನಿಂತು ಬೈಸಿಕೊಂಡು ಬರುತ್ತಿದ್ದೆವು.

ನನ್ನ ಗುಟ್ಟು ನಿಮ್ಮ ಕಣ್ಣು ತಪ್ಪಿಸಲಿಲ್ಲ. ನಿಕೋಲಾ ಸಂತನ ಹಬ್ಬದ ಸಂಜೆ ಕಾರ್ಖಾನೆ ಗೇಟಿನಲ್ಲಿ ನನ್ನ ತೋಳು ಹಿಡಿದಿರಿ.

"ನಡಿ, ಧಣಿ ಮನೆಗೆ. ಇವತ್ತು ಅವರ ಮನೆ ಹಬ್ಬ."

"ಅವರು ಕರೆದಿಲ್ವಲ್ಲ ಅಕ್ಕ."

"ಮನೆದೇವರ ಹಬ್ಬಕ್ಕೆ ಯಾರನ್ನ ಯಾರು ಕರೀತಾರೆ? ಬಂದೋರನ್ನ ಹೊಸಿಲಿಂದ ಕಳ್ಸೋ ಹಂಗಿಲ್ಲ. ಸುಮ್ನೆ ಬಾ."

ಬಾಗಿಲು ತೆಗೆದದ್ದು ಧಣಿಯೇ. ನಾನು ನಿಮ್ಮ ಹಿಂದೆ ಸರಿದೆ. ಅವರು ಮಾತ್ರ ತಟ್ಟೆ ಮುಂದೆ ಚಾಚಿ, ಅಕ್ರೋಟು ಬೆರೆಸಿದ ಸಿಹಿ ಗೋಧಿಯನ್ನು ಒಂದು ಚಮಚ ತಿನ್ನಲು ಹೇಳಿದರು. ಆಮೇಲೆ ನಾನು ಕೂತೆ, ಅವರು ನಿಂತರು. ಆ ದಿನ ಮನೆಯ ಯಜಮಾನ ಕೂರುವಂತಿಲ್ಲವಲ್ಲ. ಸಾರು ಬಡಿಸಿದರು, ಬ್ರೆಡ್ ತಂದರು, ಎಂಜಲು ತಟ್ಟೆ ಎತ್ತಿದರು. ಮೂಲೆಯಲ್ಲಿ ಕೂತಿದ್ದ ಅವರ ತಾಯಿಗೆ ಅದೂ ಸಾಲದು.

"ರಾಡಿವೊಯೆ, ಆ ಹುಡುಗಿ ತಟ್ಟೇಲಿ ಬರೀ ಮುಳ್ಳಿದೆ. ನಡುಭಾಗದ ಮೀನು ಹಾಕೋ. ಕಣ್ಣು ಕಾಣಲ್ವಾ ನಿಂಗೆ?"

"ಹಾಕ್ತಿದೀನಮ್ಮ."

ನೀವು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿರಿ. ನಾನು ಧಣಿಯ ಕಾಲು ನೋಡಿದೆ. ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರು. ಗೋಡೆಯ ಬಳಿ ನಮ್ಮದೇ ಕಾರ್ಖಾನೆಯ ಖಾಲಿ ಕುರ್ಚಿಯೊಂದಿತ್ತು. ಅದರ ಕಡೆ ಅವರು ಆಸೆಯಿಂದ ನೋಡಿದ್ದನ್ನು ನಾನು ಕಂಡೆ. ಪಾಪ ಅನ್ನಿಸಿತು. ಅವರ ವಿಷಯದಲ್ಲಿ ನನಗೆ ಹಾಗನ್ನಿಸಿದ್ದು ಅದೇ ಮೊದಲು.

ಹಬ್ಬ ಕಳೆದು ಅವರು ಕಾರ್ಖಾನೆಗೆ ಬಂದ ಬೆಳಿಗ್ಗೆ ನಾನು ಅವರ ಕೋಣೆಗೆ ಹೋದೆ. ಅವರದು ಮತ್ತೆ ಅದೇ ಹಳೆಯ ಮುಖ, ಅದೇ ಹಳೆಯ ಗಂಟಲು. ನನ್ನ ಭಯ ಹೋಗಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೂ ಆ ಕುರ್ಚಿ ಎಳೆದು ಕೂತೆ. ಕೂತ ಮೇಲೆ ಮಾತು ತಾನಾಗಿ ಬಂತು. ಬಸುರಿಯೆಂದೂ, ವಾರ್ನಿಷ್ ವಾಸನೆ ಮಗುವಿಗೆ ಆಗದೆಂದೂ, ಕರಾರು ಮುಂದುವರಿಸಬೇಕೆಂದೂ ಹೇಳಿದೆ.

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ಭಯ ಇತ್ತು."

"ಯಾರ ಭಯ?"

"ನಿಮ್ದೇ."

ಅವರು ಪೆನ್ನು ಮೇಜಿನ ಮೇಲಿಟ್ಟರು. ನಾಳೆಯಿಂದ ಗಾದಿ ಹೊಲಿಯುವ ಕೋಣೆಗೆ ಹೋಗು, ಕರಾರಿನ ಮಾತು ಆಮೇಲೆ ಎಂದರು. "ಆಮೇಲಲ್ಲ, ಈಗ್ಲೇ" ಎಂದೆ. ಗೊಣಗಿದರು. ನಾನು ಏಳಲಿಲ್ಲ. ಕೊನೆಗೆ ಒಪ್ಪಿದರು.

ಈಗಲೂ ಅವರು ಕೂಗಾಡುತ್ತಾರೆ ಅಕ್ಕ, ದೇವತೆಯೇನೂ ಆಗಿಲ್ಲ. ನನ್ನ ಬಾಯಿ ಮಾತ್ರ ಒಣಗುವುದಿಲ್ಲ.

ನಿಮಗೆ ಹೇಳದೆ ಉಳಿಸಿಕೊಂಡ ಮಾತೊಂದಿದೆ. ಧಣಿಯ ಮನೆಯ ಗಂಟೆ ಒತ್ತುವ ಮೊದಲು ನೀವು ಕೈಗವಸು ತೆಗೆದು ನನ್ನ ಕೈ ಹಿಡಿದಿರಿ. ಹಿಮ ಬೀಳುತ್ತಿತ್ತು, ಆದರೂ ನಿಮ್ಮ ಅಂಗೈ ಬೆವರಿತ್ತು. ತಲೆ ನರೆಯುವವರೆಗೂ ಆ ಕಾರ್ಖಾನೆಯಲ್ಲಿ ದುಡಿದ ನೀವೂ ಆ ಕುರ್ಚಿಯಲ್ಲಿ ಕೂತವರಲ್ಲ. ನನ್ನಷ್ಟೇ ಹೆದರಿದ್ದಿರಿ. ಹೆದರಿಕೊಂಡೇ ನನ್ನನ್ನು ಕರೆದುಕೊಂಡು ಹೋದಿರಿ. ನನ್ನ ಮಗು ಇವತ್ತು ನಡೆಯುತ್ತಿದೆ ಅಕ್ಕ, ನಿಮ್ಮ ಋಣ ನಾನು ಹೇಗೆ ಮರೆಯಲಿ?

ಮುಂದಿನ ವಾರ ನಮ್ಮ ಮನೆದೇವರಾದ ಜಾರ್ಜ್ ಸಂತನ ಹಬ್ಬ. ಕರೆಯುತ್ತಿಲ್ಲ, ಕರೆಯಬಾರದು. ಬಾಗಿಲು ತೆರೆದಿರುತ್ತದೆ. ಬಂದರೆ ನೀವು ಕೂರಬೇಕು, ನಾನು ನಿಂತು ಬಡಿಸುತ್ತೇನೆ.

ನಿಮ್ಮ ಕಾಲುಗಳಿಗೆ ನೋವು ಬಾರದಿರಲಿ, ನಿಮ್ಮ ಕೈ ಸದಾ ಬೆಚ್ಚಗಿರಲಿ.

ನಿಮ್ಮ ಬೈಗುಳಕ್ಕೆ ಕಾದಿರುವ,
ರುಜಿತ್ಸಾ