ಕೋಳಿಗೂಡಾಗಿದ್ದ ಕಾರು

ಕೋಚ್ಕೋರ್
ಅಕ್ಟೋಬರ್ ೧೪, ೨೦೦೬

ಪ್ರೀತಿಯ ತಂಗಿ ಸೈರಾ,

ಹೇಗಿದ್ದೀಯಾ? ನಿನ್ನ ಗಂಡ ಜೋಲ್ಚುವಿನ ಸೊಂಟದ ನೋವು ಹೇಗಿದೆ? ನರೀನ್ ಪಟ್ಟಣದ ಆಸ್ಪತ್ರೆಗೆ ಬಾಡಿಗೆ ವ್ಯಾನಿನ ನೂಕುನುಗ್ಗಲಲ್ಲಿ ನಿಂತುಕೊಂಡೇ ಹೋಗುತ್ತಾನೆ ಎಂದು ನಿಮ್ಮೂರಿನಿಂದ ಬಂದವರು ಹೇಳಿದರು. ನೀನಂತೂ ಬಾಯಿ ಬಿಡುವವಳಲ್ಲ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನತ್ತಿಗೆ ಬತ್ಮಾಳಿಗೆ ಹಲ್ಲುನೋವು, ಅದು ಬಿಟ್ಟರೆ ಬೇರೇನಿಲ್ಲ.

ನಾನೊಂದು ಕಾರು ಕೊಂಡೆ. ನಗಬೇಡ. ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸಾದ ಮಾಸ್ಕ್ವಿಚ್. ಮೇಲಿನ ಬೀದಿಯ ಮುದುಕಿಯೊಬ್ಬಳು ಅದನ್ನು ಕೋಳಿಗೂಡು ಮಾಡಿಕೊಂಡಿದ್ದಳು. ಎರಡು ಕುರಿ ಕೊಡಬೇಕು, ಮೇಲೆ ಕೋಳಿಗಳಿಗೆ ಬೇರೆ ಗೂಡು ಕಟ್ಟಿಕೊಡಬೇಕು ಎಂದಳು. ಒಪ್ಪಿದೆ. ಪಕ್ಕದ ಮನೆಯ ಮೆಕ್ಯಾನಿಕ್ ಸಾದಿರ್ ಬಾನೆಟ್ ಎತ್ತಿ ನೋಡಿ, "ಮುಕಾಶಣ್ಣ, ರಿಪೇರಿ ಯಾಕೆ? ಮುಂದೊಂದು ಕತ್ತೆ ಕಟ್ಟು, ಸಾಕು" ಅಂದ. ಹಾಗಂದರೂ ಬೇಸಿಗೆಯೆಲ್ಲ ಅದರ ಕೆಳಗೇ ಮಲಗಿದ. ಕೂಲಿಗೆ ಬದಲಾಗಿ ಅವನ ಹಸುವಿಗೆ ಚಳಿಗಾಲದ ಹುಲ್ಲು ನನ್ನದು. ತುಕ್ಕು ತಿಂದ ತಳಕ್ಕೆ ಹಳೇ ನೀರಿನ ಟ್ಯಾಂಕಿನ ತಗಡು ಬಡಿದೆವು. ಮಸೀದಿಯ ಬಾಗಿಲಿಗೆ ತಂದು ಮಿಕ್ಕಿದ್ದ ಹಸಿರು ಬಣ್ಣ ಬಳಿದೆವು. "ಮನೆ ಸೋರ್ತಿದೆ, ಇವರಿಗೆ ಕಾರು ಹೊಳೀಬೇಕು" ಎಂದು ಗೊಣಗುತ್ತಲೇ ಬತ್ಮಾ ಸೀಟುಗಳಿಗೆ ಉಣ್ಣೆಯ ಹೊದಿಕೆ ಹೊಲಿದಳು. ಮೊನ್ನೆ ಎಂಜಿನ್ ಕೆಮ್ಮಿ ಕೆಮ್ಮಿ ಕೊನೆಗೂ ಸ್ಟಾರ್ಟ್ ಆದಾಗ ಹೊಗೆ ಕೊಳವೆಯಿಂದ ಒಂದು ಹಿಡಿ ಪುಕ್ಕ ಹಾರಿಬಂತು. ಸಾದಿರ್ ನೆಲಕ್ಕೆ ಬಿದ್ದು ನಕ್ಕ.

ಡ್ರೈವಿಂಗೇ ಬಾರದ ನನಗೆ ಕಾರು ಯಾಕೆ ಎಂದು ಊರೆಲ್ಲ ಕೇಳುತ್ತಿದೆ. ಮಾಡಿಸಿದ್ದು ನಿನಗಾಗಿ. ಜೋಲ್ಚು ಮಲಗಿಕೊಂಡು ಹೋಗಲಿ ಎಂದು ಮುಂದಿನ ಒಂದು ಸೀಟನ್ನು ಪೂರ್ತಿ ಹಿಂದಕ್ಕೆ ಒರಗುವಂತೆ ಮಾಡಿಸಿದ್ದೇನೆ. ಆದರೆ ಅಪ್ಪ ನಿನ್ನನ್ನು ಬಳುವಳಿಯಿಲ್ಲದೆ ಕಳಿಸಿದ ದಿನ ನೀನು ಹೊಸ್ತಿಲಲ್ಲಿ ನಿಂತು, "ಈ ಮನೆಯಿಂದ ಒಂದೆಳೆ ದಾರಾನೂ ನಾನು ಕೈಯೊಡ್ಡಿ ಇಸ್ಕೊಳಲ್ಲ" ಅಂದೆ. ಅಪ್ಪ ಹೋದ ಮೇಲೂ ಆ ಮಾತು ಉಳಿಯಿತು. ನಾನು ಕಳಿಸಿದ ಹಿಟ್ಟಿನ ಮೂಟೆ ಕಟ್ಟು ಬಿಚ್ಚದೆ ವಾಪಸ್ಸು ಬಂತು. ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ನೀನು ಮಾತು ಮುರಿಯಬೇಕೆಂದು ನಾನು ಕೇಳುವುದಿಲ್ಲ. ಮುರಿದರೆ ನೀನು ನನ್ನ ತಂಗಿಯೇ ಅಲ್ಲ.

ಜೋಲ್ಚುವಿಗೆ ನನ್ನ ಸಲಾಂ ಹೇಳು. ನಿನ್ನ ಮನೆಯ ಒಲೆ ಬೆಚ್ಚಗಿರಲಿ.

ನಿನ್ನ ಅಣ್ಣ,
ಮುಕಾಶ್

ಮರೆತಿದ್ದೆ: ದಾರಿಗೆ ಹಿಮ ಬೀಳುವ ಮೊದಲು ಎರ್ಮೆಕ್‌ನನ್ನು ಇಲ್ಲಿಗೆ ಕಳಿಸು, ಅವನಿಗೆ ಡ್ರೈವಿಂಗ್ ಬರುತ್ತದಲ್ಲ. ಆಣೆ ಇಟ್ಟವಳು ನೀನು, ನಿನ್ನ ಮಗ ಅಲ್ಲ. ತಂಗಿಯ ಮಗ ಮನೆಗೆ ಬಂದು ಏನು ಕೇಳಿದರೂ ಸೋದರಮಾವ ಇಲ್ಲವೆನ್ನುವಂತಿಲ್ಲ, ಅದು ಅವನ ಹಕ್ಕು, ಯಾರ ಉಪಕಾರವೂ ಅಲ್ಲ. ನಾಲ್ಕು ಜನರ ಮುಂದೆ ಗಟ್ಟಿಯಾಗಿ ಕೇಳಲಿ. ಕುದುರೆಪ್ರಿಯ, ಕುದುರೆ ಕೇಳಿಬಿಟ್ಟಾನು, ಕಾರನ್ನೇ ಕೇಳು ಅನ್ನು. ನಾನು ಕೊಡೋಲ್ಲ ಅಂತ ರೇಗಾಡುತ್ತೇನೆ. ಹೆದರಿ ವಾಪಸ್ಸು ಬಂದುಬಿಡಬಾರದು ಅಂತ ಹೇಳಿ ಕಳಿಸು.