ಉಸಿರುಸಿರಿಗೂ ಮನೆದೇವರ ಗುಡಿಗೆ

ತೇಲುಹಳ್ಳಿ,
ಶಾಲಿವಾಹನ ಶಕೆ ೨೩೯೧, ಅಧಿಕ ಮಾಸದ ಮೂವತ್ತಮೂರನೆಯ ದಿನ

ಹಿಂದಿನ ಕಾಲದ ತಾಯಂದಿರೇ, ಅಣ್ಣಂದಿರೇ,

ಈ ತಿಥಿ ನಿಮ್ಮ ಪಂಚಾಂಗದಲ್ಲಿ ಇರಲಾರದು. ನನ್ನ ಮಾತುಗಳೂ ನಿಮಗೆ ವಿಚಿತ್ರ ಎನಿಸಬಹುದು. ಊರ ಶಾಲೆಯಲ್ಲಿ ಕಲಿತವಳು, ಐವತ್ತು ತುಂಬಿದೆ; ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಪ್ರೋಗ್ರಾಂ ಬರೆಯುವುದು ರೊಟ್ಟಿ ತಟ್ಟಿದಷ್ಟೇ ಸಾಮಾನ್ಯ. ಅದು ಓಡುವುದು ಎಲೆಗಣಕದಲ್ಲಿ, ಎಂದರೆ ವೀಳ್ಯದೆಲೆಯಷ್ಟು ತೆಳ್ಳಗಿದ್ದು ಬಿಸಿಲನ್ನೇ ಉಣ್ಣುವ ಕಂಪ್ಯೂಟರಿನಲ್ಲಿ. ಬಡಪ್ರಾಣಿ, ನಿಧಾನ. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಉಸಿರು ಕೊಡುವ ತೊಟ್ಟಿಲು ಅದರಿಂದಲೇ ನಡೆಯುತ್ತದೆ. ಪ್ರೋಗ್ರಾಮಿನ ತುಂಡುಗಳಾದ ಕ್ಲಾಸುಗಳಿಗೂ ಹೆತ್ತವರಿರುತ್ತಾರೆ; ಹೆತ್ತವರಲ್ಲಿ ಇದ್ದದ್ದೆಲ್ಲ ಇವಕ್ಕೂ ಬರುತ್ತದೆ. ತೊಟ್ಟಿಲೆಂಬ ಕ್ಲಾಸಿಗೆ ಇಬ್ಬರು: ಉಸಿರು ಊದುವವನು, ಉಸಿರು ಅಳೆಯುವವನು. ಅವರಿಬ್ಬರನ್ನೂ ಹೆತ್ತ ಹಿರಿಯ ಒಬ್ಬನೇ, ಗಡಿಯಾರ ಇಟ್ಟುಕೊಂಡವನು. ಸುಮ್ಮನೆ ಬರೆದರೆ ಒಬ್ಬೊಬ್ಬರ ಕಡೆಯಿಂದ ಒಂದೊಂದರಂತೆ ತೊಟ್ಟಿಲೊಳಗೆ ಹಿರಿಯನ ಎರಡು ಪ್ರತಿ ಬಂದು, ಎರಡು ಗಡಿಯಾರ ಎರಡು ಹೊತ್ತು ಹೇಳುತ್ತವೆ. ಅದಕ್ಕೇ ವರ್ಚುವಲ್ ಎಂಬ ಪದ ಹಚ್ಚಿ ಒಬ್ಬನನ್ನೇ ಉಳಿಸುತ್ತೇವೆ. ಇದಕ್ಕೆ ನಮ್ಮೂರ ಹೆಸರು ಮನೆದೇವರು. ದಾಯಾದಿಗಳು ಎಷ್ಟು ಮನೆಯಾದರೂ ದೇವರು ಇರುವುದು ಒಂದೇ ಗುಡಿಯಲ್ಲಿ.

ನಮ್ಮೂರ ತೊಟ್ಟಿಲಿನ ಪ್ರೋಗ್ರಾಂ ಬರೆಯುವಾಗ ಆ ಹೆಸರೇ ನನ್ನ ದಾರಿ ತಪ್ಪಿಸಿತು. ದೇವರನ್ನು ಮನೆ ಸಾಮಾನಿನಂತೆ ಒಳಗೆ ತುರುಕಬಾರದೆಂದು, ಒಬ್ಬನೇ ಹೆತ್ತವನಿದ್ದ ಗಾಳಿಯ ಪ್ರತಿ ಕವಾಟಕ್ಕೂ, ಪ್ರತಿ ಕೊಳವೆಗೂ ಭಕ್ತಿಯಿಂದ ಆ ಪದ ಹಚ್ಚಿದೆ. ಒಳಗಿರುವ ಹಿರಿಯನ ಜಾಗ ಮೊದಲೇ ಗೊತ್ತಿರುತ್ತದೆ. ಮನೆದೇವರಾದರೆ ಪ್ರತಿ ಸಲವೂ ಪಟ್ಟಿ ನೋಡಿ, ಜಾಗ ಹುಡುಕಿ, ಆಮೇಲೆ ಹೋಗಬೇಕು. ಒಂದು ಸಲಕ್ಕೆ ಅದೇನೂ ಅಲ್ಲ. ಒಂದು ಉಸಿರೊಳಗೆ ಲಕ್ಷ ಸಲ ಆಗುತ್ತಿತ್ತು.

ಅಕ್ಕನ ಮಗಳು ಬಸಲಿಂಗಿ ಏಳು ತಿಂಗಳಿಗೇ ಹೆತ್ತಳು. ಜಾಗ ಹುಡುಕುವುದರಲ್ಲೇ ತಡವಾಗಿ, ಕೂಸು ಉಸಿರೆಳೆದು ಬಿಟ್ಟ ಮೇಲೆ ತೊಟ್ಟಿಲು ಊದುತ್ತಿತ್ತು. ಕೂಸಿನ ತುಟಿ ನೀಲಿಗಟ್ಟಿತು. ನಾನು ಜಪ ಮಾಡುತ್ತ ನಿಂತುಬಿಟ್ಟೆ. ಸೂಲಗಿತ್ತಿ ಗಂಗಮಾಳವ್ವ ಕೈಯಲ್ಲಿ ಗಾಳಿಚೀಲ ಒತ್ತುತ್ತಲೇ ನನ್ನ ಬರಹದ ಮೇಲೆ ಕಣ್ಣಾಡಿಸಿದಳು. “ಉಸುರುಸುರಿಗೂ ಮನಿದೇವ್ರ ಗುಡಿಗೆ ಹೋಗಿ ಬಂದ್ರ ಕೂಸು ಕಾಯ್ತೈತೇನ ಯವ್ವಾ? ಜಪ ಆಮ್ಯಾಲ, ಮೊದ್ಲ ಅಳಸು!”

ಹಿರಿಯನ ಬಳಿಗೆ ಒಂಟಿದಾರಿ ಇದ್ದಲ್ಲೆಲ್ಲ ಆ ಪದ ಅಳಿಸಿದೆ. ಊದುವವನ, ಅಳೆಯುವವನ ಎರಡು ದಾರಿಯಲ್ಲಿ ಮಾತ್ರ ಉಳಿಸಿ, ಅಲ್ಲಿಯೂ ಉಸಿರಿನ ಮೊದಲಿಗೇ ಒಮ್ಮೆ ಜಾಗ ಕೇಳಿ ಇಟ್ಟುಕೊಳ್ಳುವಂತೆ ಬರೆದೆ. ತೊಟ್ಟಿಲು ಕೂಸಿನ ಸಂಗಡವೇ ಉಸಿರಾಡಿತು. ಶಿವನೇ, ಗಂಗಮಾಳವ್ವ ಆಗ ಗಾಳಿಚೀಲ ಕೆಳಗಿಟ್ಟಳು.

ಇಂದಿಗೆ ನಲವತ್ತು ದಿನ. ಕೂಸು ತೊಟ್ಟಿಲಿನ ಹಂಗಿಲ್ಲದೆ ಊರು ಕೇಳುವಂತೆ ಅಳುತ್ತಿದೆ. “ಚಿಗವ್ವ, ನಿನ್ನ ದೇವ್ರಿಗೆ ಹೇಳ, ದನಿ ಒಂಚೂರ ಇಳಿಸ್ಲಿ” ಎಂದು ಬಸಲಿಂಗಿ ನಗುತ್ತಾಳೆ.

ನಿಮ್ಮಲ್ಲಿ ಬೇಡುವುದಿಷ್ಟೇ. ಆ ಪದ ಹಚ್ಚುವ ಮುನ್ನ ಒಬ್ಬ ಹಿರಿಯನ ಬಳಿಗೆ ನಿಜವಾಗಿಯೂ ಎರಡು ದಾರಿ ಇವೆಯೇ ನೋಡಿ. ಇದ್ದರೆ ಹಚ್ಚಿ, ಸಂಕೋಚ ಬೇಡ. ಇಲ್ಲದಿದ್ದರೆ ಅವನು ಮನೆಯೊಳಗೇ ಇರಲಿ. ಅದರಿಂದ ಅವನಿಗೇನೂ ಕಡಿಮೆಯಾಗದು. ಇನ್ನು ಕೈ ತೊಳೆದುಕೊಳ್ಳುತ್ತೇನೆ. ಕೂಸನ್ನು ಎತ್ತಿಕೊಳ್ಳಲು ಬಸಲಿಂಗಿ ಕರೆಯುತ್ತಿದ್ದಾಳೆ. ಇಷ್ಟು ದಿನ ನನಗೆ ಧೈರ್ಯವಾಗಿರಲಿಲ್ಲ.

ನಿಮ್ಮ ಮುಂದಿನವಳು,
ನೀಲಗಂಗವ್ವ