ತಗ್ಗಿನಲ್ಲಿ ಮಲಗುವ ಗಾಳಿ

ಗೋಮಾ, ಮಂಗಳವಾರ, ಜೂನ್ ೧೧

ಆ ಸೊನ್ನೆ ಕಣ್ಣಿಂದ ಹೋಗುತ್ತಿಲ್ಲ. ಮರಗೆಣಸಿನ ಸೊಪ್ಪು ತಟ್ಟೆಯಲ್ಲೇ ಆರಿದೆ.

ಬೆಳಿಗ್ಗೆ ನನ್ನ ತರಗತಿಗೆ ಬಂದ ಶಾಲಾ ಇನ್ಸ್‌ಪೆಕ್ಟರ್ ಲುಕುಸಾ, ಕವಿರಾಳ ಉತ್ತರಪತ್ರಿಕೆ ಎತ್ತಿಕೊಂಡ. ಪುಸ್ತಕದಲ್ಲಿರುವುದು ಇಷ್ಟೇ: ನೆಲದಿಂದ ಸುಮಾರು ನೂರು ಕಿಲೋಮೀಟರ್ ಎತ್ತರದವರೆಗೆ ಗಾಳಿಯಲ್ಲಿ ಎಲ್ಲ ಅನಿಲಗಳೂ ಕಲಸಿಕೊಂಡಿರುತ್ತವೆ; ಭಾರದ್ದು ಕೆಳಗೆ, ಹಗುರದ್ದು ಮೇಲೆ ಎಂದು ಬೇರೆಯಾಗುವುದು ಅದರಾಚೆಗೆ. ಅವಳು ಅದನ್ನು ಬರೆದು, ಕೆಳಗೆ ಸೇರಿಸಿದ್ದಳು: "ನಮ್ಮ ಮನೆ ಹಿಂದಿನ ತಗ್ಗಿನಲ್ಲಿ ಹಾಗಲ್ಲ. ನೆಲದಿಂದ ಬರುವ ಕೆಟ್ಟ ಗಾಳಿ, ಮಜುಕು, ಭಾರ. ಬೀಸುಗಾಳಿ ಏಳುವವರೆಗೂ ತಳದಲ್ಲೇ ಮಲಗಿರುತ್ತದೆ."

"ಗಾಳಿ ಮಲಗುತ್ತೇನಮ್ಮಾ? ಚಾಪೆ ಹಾಸಿಕೊಟ್ಟಿದ್ಯಾ?" ಅಂದ. ಯಾರೂ ನಗಲಿಲ್ಲ.

"ನಮ್ಮ ಎರಡು ಮೇಕೆ ಅಲ್ಲೇ ಸತ್ತೋದ್ವು ಸಾರ್. ಪಕ್ಕದಲ್ಲೇ ನಿಂತಿದ್ದ ಅಮ್ಮಂಗೆ ಏನೂ ಆಗ್ಲಿಲ್ಲ. ಬನ್ನಿ, ನೀವೇ ಇಳಿದು ಒಂದ್ಗಳಿಗೆ ಕುಕ್ಕರಗಾಲಲ್ಲಿ ಕೂತು ನೋಡಿ."

ಅಷ್ಟು ಹೊತ್ತು ಜೋರು ಮಾಡುತ್ತಿದ್ದವನು ಕಿಟಕಿಯಾಚೆ ನೋಡಿದ. "ಬೂಟು ಕೊಳೆಯಾಗುತ್ತೆ" ಅಂದ.

ಥೂ! ಗೊತ್ತಿತ್ತು ಅವನಿಗೆ. ಜ್ವಾಲಾಮುಖಿಯ ಬುಡದ ಈ ಊರಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಸೊನ್ನೆ ಸುತ್ತಿದ. ಪುಸ್ತಕದಲ್ಲಿಲ್ಲವಂತೆ!

ಕವಿರಾ ಮೇಕೆಗಳ ಮಾತಷ್ಟೇ ಆಡಿದಳು. ತಂಗಿಯ ಹೆಸರೆತ್ತಲಿಲ್ಲ. ಹೋದ ವರ್ಷ ಅದೇ ತಗ್ಗಿಗೆ ಉಸಿರು ಬಿಗಿಹಿಡಿದು ಇಳಿದು, ಆ ಮಗುವನ್ನು ಎತ್ತಿ ತಂದವನು ನಾನು. ತಂದರೂ ಉಳಿಯಲಿಲ್ಲ. ಇವತ್ತು ನಾನಾದರೂ ಬಾಯಿ ಬಿಡಬಹುದಿತ್ತು. ಬಿಟ್ಟೆನೇ?

ಅವನು ಜೇಬು ತಡಕಾಡಿದಾಗ, ಕೇಳುವ ಮುಂಚೆಯೇ ಕೆಂಪು ಪೆನ್ನು ಕೊಟ್ಟವನೂ ನಾನೇ.